ವಿಮಾನದ ಪರದೆ, ಅಜ್ಜನ ಧೋತರ

ಮೊನ್ನೆ ನಾನು ವಿಮಾನದಲ್ಲಿ ಕೂತು ಬಂದೆ. ಹಾರಲಿಲ್ಲ. ಅದಕ್ಕೂ ವಯಸ್ಸಾಗಿದೆ, ನನಗೂ ವಯಸ್ಸಾಗಿದೆ; ಇಬ್ಬರೂ ನೆಲದ ಮೇಲೆಯೇ ಗಟ್ಟಿಯಾಗಿ ಕೂತಿದ್ದೆವು. ಆದರೂ ಇಳಿದು ಬರುವಾಗ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹುಬ್ಬಳ್ಳಿಗೆ ಬಂದ ಮೇಲೆ ದೇಶಪಾಂಡೆ ನಗರದ ನಮ್ಮ ಓಣಿಯಲ್ಲಿ ಹಾಲಿನವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ಗ್ಯಾಸ್ ತಂದ ಹುಡುಗ ಸಿಲಿಂಡರ್ ಹೆಗಲ ಮೇಲಿಟ್ಟುಕೊಂಡೇ ಪೂರ್ತಿ ಕೇಳಿದ. ಕಡೆಗೆ ಮೊಮ್ಮಗಳು ಸ್ಫೂರ್ತಿ, ಹೀಗೆ ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಬರೆದುಬಿಡು ಅಂದಳು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ನನ್ನ ಅಕ್ಷರಗಳು ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ನಾನು ಬರೆದೆ, ಅವಳು ತಿದ್ದಿದಳು, ಅವಳು ತಿದ್ದಿದ್ದರಲ್ಲಿ ಅರ್ಧವನ್ನು ನಾನು ಮತ್ತೆ ಮೊದಲಿನಂತೆ ಮಾಡಿದೆ. ಆದ್ದರಿಂದ ಇಲ್ಲಿ ತಪ್ಪು ಕಂಡರೆ ಅದು ನನ್ನದು, ಚಂದ ಕಂಡರೆ ಅದೂ ನನ್ನದೇ.

ಆ ವಿಮಾನ ನಮ್ಮ ಮನೆಗೆ ಬಂದದ್ದು ನಾನು ಇನ್ನೂ ಲಂಗ ಉಡುವ ವಯಸ್ಸಿನಲ್ಲಿದ್ದಾಗ. ಪೂರ್ತಿ ವಿಮಾನವಲ್ಲ, ಅದರ ಒಂದು ಗಂಟು. ಅದನ್ನು ಹೇಳಬೇಕಾದರೆ ಮೊದಲು ಮನೆ ಹೇಳಬೇಕು. ನಮ್ಮ ಮನೆ ಗರಗದಲ್ಲಿತ್ತು, ಕರಿ ಮಣ್ಣಿನ ಹೊಲಗಳ ನಡುವಿನ ಊರು, ಧಾರವಾಡಕ್ಕೆ ಹೋದರೆ ಸಂಜೆ ತಿರುಗಿ ಬರುವಷ್ಟು ದೂರ. ಮಣ್ಣಿನ ಮಾಳಿಗೆ ಮನೆ. ಹೊರಗೆ ಕಟ್ಟೆ, ಹೊಸ್ತಿಲು ದಾಟಿದರೆ ಪಡಸಾಲೆ, ಪಡಸಾಲೆಯ ಅರ್ಧಕ್ಕೂ ಅಜ್ಜನ ಮಗ್ಗ. ಅದು ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಜ್ಜ ಕೂಡುತ್ತಿದ್ದ, ಅವನ ನೆತ್ತಿಯ ಮೇಲೆ ಮಾಳಿಗೆಗೆ ಕೊರೆದ ಬೆಳಕಿಂಡಿ. ಆ ಬೆಳಕೇ ನಮ್ಮ ಗಡಿಯಾರ. ಬೆಳಕು ಅಜ್ಜನ ಭುಜಕ್ಕೆ ಬಂದರೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯಲು ಕೂಡಬೇಕು, ಎದುರಿನ ಗೋಡೆ ಹತ್ತಿದರೆ ಎಮ್ಮೆ ಹಿಂಡಬೇಕು. ಒಂದು ಕಡೆ ಮಗ್ಗದ ಟಕ್ ಟಕ್, ಇನ್ನೊಂದು ಕಡೆ ರೊಟ್ಟಿಯ ಪಟಪಟ, ಇವೆರಡರ ನಡುವೆ ಆಯಿಯ ಮಾತು. ಆಯಿ ಅಂದರೆ ನನ್ನ ಅಪ್ಪನ ತಾಯಿ. ಮಗ್ಗ ನಿಂತರೂ ರೊಟ್ಟಿ ನಿಂತರೂ ಆಯಿಯ ಮಾತು ನಿಲ್ಲುತ್ತಿರಲಿಲ್ಲ. ಊಟಕ್ಕೆ ಅಜ್ಜ, ಅಪ್ಪ ಮೊದಲು, ಆಮೇಲೆ ನಾವು. ಬಿಸಿ ರೊಟ್ಟಿ, ಝುಣಕ, ಶೇಂಗಾ ಚಟ್ನಿಯ ಮೇಲೆ ಗಟ್ಟಿ ಮೊಸರು. ಅಜ್ಜ ತನ್ನ ಕಡೆಯ ತುತ್ತನ್ನು ನನಗಾಗಿ ತಾಟಿನ ಅಂಚಿನಲ್ಲಿ ಬಿಟ್ಟು ಏಳುತ್ತಿದ್ದ. ಆ ತುತ್ತಿನ ರುಚಿ ನನಗೆ ಮತ್ತೆ ಯಾವ ಊಟದಲ್ಲೂ ಸಿಕ್ಕಿಲ್ಲ.

ಅಜ್ಜ ಖಾದಿ ನೇಯುವವ. ನೇಯುವುದಷ್ಟೇ ಅಲ್ಲ, ಗಿರಣಿ ಬಟ್ಟೆಯನ್ನು ಹೊಸ್ತಿಲೊಳಗೆ ಬಿಡುತ್ತಿರಲಿಲ್ಲ. ಯಾರಾದರೂ ಬೀಗರು ಗಿರಣಿ ಅಂಗಿ ತೊಟ್ಟು ಬಂದರೆ ಚಹ, ಅವಲಕ್ಕಿ ಎಲ್ಲ ಕಟ್ಟೆಯ ಮೇಲೆಯೇ. ಬೈಯುತ್ತಿರಲಿಲ್ಲ, ಒಳಗೆ ಬಹಳ ಸೆಕೆ, ಹೊರಗೆ ಗಾಳಿ ಛಲೋ ಇದೆ ಅನ್ನುತ್ತಿದ್ದ. ಚಳಿಗಾಲದಲ್ಲೂ ಹಾಗೇ ಅನ್ನುತ್ತಿದ್ದ. ಕೈಮಗ್ಗದ ಬಟ್ಟೆ ಯಾವುದೇ ಬರಲಿ, ನೆರೆಮನೆಯ ಸೊಸೆಯ ಸೀರೆಯೇ ಆಗಲಿ, ಮೊದಲು ಅದರ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ತೀಡುತ್ತಿದ್ದ, ಬಂದವರ ಕೈ ಕುಲುಕಿದ ಹಾಗೆ. ಆಮೇಲೆ ಕೇಳುವುದು ಒಂದೇ ಮಾತು: ಇದನ್ನು ಯಾರು ನೇಯ್ದಾರ. ಯಾವ ಊರು, ಎಷ್ಟು ಕೊಟ್ಟಿರಿ, ಅದೆಲ್ಲ ಅವನಿಗೆ ಬೇಡ. ನೇಯ್ದವರ ಹೆಸರು ಗೊತ್ತಿಲ್ಲ ಅಂದರೆ ಉಣ್ಣುವಾಗ ಹರಳು ಕಡಿದವನ ಹಾಗೆ ಮುಖ ಮಾಡುತ್ತಿದ್ದ.

ಅಂಥ ಮನೆಯಿಂದ ಈರಣ್ಣ ಕಾಕಾ ಮಗ್ಗ ಬಿಟ್ಟು ಹೋದ. ಅಪ್ಪನ ತಮ್ಮ. ಅಪ್ಪ ಹೊಲ ನೋಡಿಕೊಂಡ, ಮಗ್ಗ ಈರಣ್ಣನಿಗೆ ಅಂತ ಅಜ್ಜ ಮೊದಲೇ ಮನಸ್ಸಿನಲ್ಲಿ ಬರೆದಿಟ್ಟಿದ್ದ. ಕಾಕಾನ ಕೈಯೂ ಛಲೋ ಇತ್ತಂತೆ. ಆದರೆ ಅವನ ಕಣ್ಣು ಲಾಳಿಯ ಮೇಲೆ ಇರುತ್ತಿರಲಿಲ್ಲ, ಬೆಳಕಿಂಡಿಯ ಮೇಲೆ ಇರುತ್ತಿತ್ತು. ಎಂದೋ ಒಮ್ಮೆ ಆ ಕಿಂಡಿಯಲ್ಲಿ ವಿಮಾನ ದಾಟಿ ಹೋದದ್ದನ್ನು ಕಂಡಿದ್ದನಂತೆ. ಮುಂಬೈಗೆ ಹೋಗಿ ವಿಮಾನ ನಿಲ್ಲಿಸುವ ದೊಡ್ಡ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ. ವಿಮಾನದ ಒಳಗಿನ ಕುರ್ಚಿಯ ಗವಸು, ಕಿಟಕಿಯ ಪರದೆ ಬಿಚ್ಚುವುದು, ಒಗೆಸುವುದು, ಹರಿದದ್ದನ್ನು ಹೊಲಿಯುವುದು ಅವನ ಕೆಲಸ. ಹೋಗುವ ದಿನ ಅಜ್ಜ ಮಗ್ಗದಿಂದ ಏಳಲಿಲ್ಲ. ಅವತ್ತಿನಿಂದ ಮಗನ ಜೊತೆ ಮಾತು ಬಿಟ್ಟ. ಕಾಕಾ ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ, ಎರಡು ಮಾರು ಅಂತರದಲ್ಲಿ ಕೂತು ಊಟ ಮಾಡುತ್ತಿದ್ದ, ಹೋಗುವಾಗ ಕಾಲಿಗೆ ಬೀಳುತ್ತಿದ್ದ. ಅಜ್ಜ ಕಾಲು ಹಿಂದಕ್ಕೆ ತೆಗೆಯುತ್ತಿರಲಿಲ್ಲ, ಬಾಯಿಯನ್ನೂ ತೆರೆಯುತ್ತಿರಲಿಲ್ಲ. ಹೇಳಲೇಬೇಕಾದದ್ದನ್ನು ನನ್ನ ಮುಖಾಂತರ ಹೇಳುತ್ತಿದ್ದ.

“ಗಂಗೂ, ನಿಮ್ಮ ಕಾಕಾಗ ಹೇಳು, ಎಮ್ಮಿಗೆ ಮೇವು ಹಾಕಂತ.”

ಕಾಕಾ ಅಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿರುತ್ತಿದ್ದ. ನಾನು ಅವನ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಹೇಳುತ್ತಿದ್ದೆ. ಕಾಕಾ, ಹಾಕೇನಂತ ಹೇಳು ಅನ್ನುತ್ತಿದ್ದ. ನಾನು ಅಜ್ಜನ ಕಡೆ ತಿರುಗುತ್ತಿದ್ದೆ. ಆ ಮನೆಯ ತಂತಿ ಆಫೀಸು ನಾನೇ. ದೊಡ್ಡವರ ಮಾತನ್ನು ಒಂದು ಅಕ್ಷರ ಕೆಡದಂತೆ ಒಯ್ದು ಮುಟ್ಟಿಸುವ ಈ ಕೆಲಸದಲ್ಲಿ ನನಗೆ ಎಷ್ಟು ಸೊಕ್ಕು ಬಂದಿತ್ತೆಂದರೆ, ಅವರು ರಾಜಿಯಾಗಿಬಿಟ್ಟರೆ ನನ್ನ ಗತಿ ಏನು ಅಂತಲೂ ಒಮ್ಮೊಮ್ಮೆ ಯೋಚನೆ ಬರುತ್ತಿತ್ತು. ಆದರೆ ಆಯಿ ಒಲೆಯ ಮುಂದೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಹೊಗೆ ಹೊಗೆ ಅನ್ನುವುದನ್ನು ನೋಡಿದಾಗ, ಹೊಗೆ ಇಲ್ಲದ್ದು ನನಗೂ ಕಾಣುತ್ತಿತ್ತು.

ಆ ಬೇಸಿಗೆಯಲ್ಲಿ ಕಾಕಾ ಬಂದಾಗ ಬಗಲಲ್ಲಿ ದೊಡ್ಡ ಗಂಟು. ಕಟ್ಟೆಯ ಮೇಲೆ ಬಿಚ್ಚಿದ. ನವಿಲಿನ ಕೊರಳಿನ ಬಣ್ಣದ ಬಟ್ಟೆ, ನಡುನಡುವೆ ಅರಿಷಿಣದ ಎಳೆ. ವಿಮಾನದ ಪರದೆಗಳು. ವಿಮಾನದ ಒಳಗೆ ಹೊಸ ಬಣ್ಣ ಮಾಡಿದರಂತೆ, ಹಳೆಯವನ್ನು ಎಂಜಿನ್ ಒರೆಸಲು ಹಾಕುವವರಿದ್ದರಂತೆ. ಇವನು ಸಾಹೇಬರನ್ನು ಕೇಳಿ ತಂದಿದ್ದ. ಓಣಿಯ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿದರು. ನಾನಂತೂ ಕೆನ್ನೆಗೆ ಒತ್ತಿಕೊಂಡೆ, ಮೋಡದ ತಂಪು ಇನ್ನೂ ಇರುತ್ತದೇನೋ ಅಂತ. ಒಳಗೆ ಮಗ್ಗ ನಿಂತಿತು.

“ಗಂಗೂ, ನಿಮ್ಮ ಕಾಕಾಗ ಹೇಳು, ಆ ಗಿರಣಿ ಅರಿಬಿ ಹೊಸ್ತಿಲ ಒಳಗ ಬರೂದು ಬ್ಯಾಡ.”

ಅಷ್ಟು ಹೇಳಿ ಮತ್ತೆ ಟಕ್ ಟಕ್. ಬಂದ ಬಟ್ಟೆಯ ಅಂಚು ಮುಟ್ಟದೆ ಅಜ್ಜ ತೀರ್ಪು ಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮುಗಿಲಲ್ಲಿ ಹಾರುವ ಯಂತ್ರ, ಅದರೊಳಗಿನ ಬಟ್ಟೆ ಗಿರಣಿಯದೇ ಇರಬೇಕು, ಅದಕ್ಕೆ ಮುಟ್ಟಿ ಬೇರೆ ನೋಡಬೇಕೇ ಅಂತ ಅವನ ಲೆಕ್ಕ. ಕಾಕಾ ಗಂಟನ್ನು ಕಟ್ಟೆಯ ಗೂಟಕ್ಕೆ ತೂಗುಹಾಕಿದ. ಸೋತವನ ಹಾಗೆ ಕೂತ. ಆಗ ಆಯಿ ಹೊರಗೆ ಬಂದಳು, ಗಂಟು ಇಳಿಸಿ ಮಡಿಲಲ್ಲಿ ಹಾಕಿಕೊಂಡಳು, ಒಳಗೆ ಕೇಳುವ ಹಾಗೆ ಹೇಳಿದಳು:

“ಹರಕ ಅರಿಬಿಗೆ ಗಿರಣಿ ಇಲ್ಲ, ಮಗ್ಗ ಇಲ್ಲ. ಕೌದಿ ಹೊಲೀತೇನಿ ನಾ. ಹೊಸ್ತಿಲ ಹೊರಗ ಕುಂತು ಹೊಲೀತೇನಿ.”

ಕೌದಿ ಎಲ್ಲರ ಮನೆಯಲ್ಲೂ ಹೊಲಿಯುತ್ತಿದ್ದರು, ಬೇಸಿಗೆಯ ಮಧ್ಯಾಹ್ನದ ಕೆಲಸವೇ ಅದು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಶುರು ಮಾಡಿ ಸುತ್ತು ಸುತ್ತು ಒಳಗೆ ಹೊಲಿಯುತ್ತಾ ಬಂದರೆ ನಡುವೆ ಒಂದು ಚೌಕ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದನ್ನು ಬರಿದಾಗಿ ಮುಚ್ಚಬಾರದು. ಒಂದು ಚೂರು ಹೋಳಿಗೆ, ಒಂದು ಚಿಟಿಕೆ ಜೋಳ ಇಟ್ಟು ಮುಚ್ಚಬೇಕು. ಆಮೇಲೆ ಇನ್ನೊಂದು ಕಟ್ಟಳೆ ಇತ್ತು, ಅದು ನಮ್ಮ ಆಯಿಯ ತವರಿನದು. ಮನೆಯಲ್ಲಿ ಎಷ್ಟು ಜನರೋ ಅಷ್ಟೂ ಜನರ ಉಟ್ಟ ಬಟ್ಟೆಯ ತುಂಡು ಕೌದಿಯಲ್ಲಿ ಇರಲೇಬೇಕು, ಅದೂ ಅವರೇ ಕೈಯಾರೆ ಕೊಟ್ಟದ್ದು. ಕೇಳಬಾರದು, ಕದಿಯಬಾರದು. ಒಬ್ಬರದು ತಪ್ಪಿದರೂ ಹೊಟ್ಟೆ ಮುಚ್ಚುವಂತಿಲ್ಲ.

ಹೀಗೆ ನಮ್ಮ ಕಟ್ಟೆಯ ಮೇಲೆ ಓಣಿಯ ಕಣ್ಣೆದುರಿಗೆ ಕೌದಿ ಶುರುವಾಯಿತು. ಆಯಿ ಹೊಲಿಯುತ್ತಾ ಕಾಕಾನನ್ನು ಕೇಳುವಳು, ಅದರ ಒಳಗೆ ಹೇಗಿರುತ್ತದೆ ಅಂತ. ಕಾಕಾ ಜೋಳದ ಕಾಳುಗಳನ್ನು ಸಾಲಾಗಿ ಇಟ್ಟು ತೋರಿಸಿದ: ಇದು ನಡುವಿನ ಹಾದಿ, ಈ ಕಡೆ ಎರಡು ಕುರ್ಚಿ, ಆ ಕಡೆ ಎರಡು ಕುರ್ಚಿ, ಇಲ್ಲಿ ಕಿಟಕಿಗಳು. ಕಿಟಕಿ ಅಂದರೆ ನಮ್ಮ ಮನೆಯ ಹಾಗೆ ಚೌಕವಲ್ಲ, ಓರೆಯಾಗಿ ಹೆಚ್ಚಿದ ಹಾಗಲಕಾಯಿ ಬಿಲ್ಲೆಯ ಹಾಗೆ ಉದ್ದುದ್ದ ಗುಂಡಗೆ, ಬೆಳಕಿಂಡಿಗಿಂತ ದೊಡ್ಡವು. ವೈಕೌಂಟ್ ಅಂತ ಅದರ ಹೆಸರು. ಆಯಿ ಹೆಸರಿಗೆ ಕೈಹಾಕಲಿಲ್ಲ, ನಾಲ್ಕು ಪಂಖದ್ದು ಅಂದಳು. ಮೊದಲಿನ ವಿಮಾನಗಳು ಗಡಗಡ ನಡುಗುತ್ತಿದ್ದವಂತೆ, ಇದರ ಎಂಜಿನ್ನಿನಲ್ಲಿ ಬೆಂಕಿಯ ಗಾಳಿಯೇ ಚಕ್ರ ತಿರುಗಿಸಿ, ಆ ಚಕ್ರ ಪಂಖ ತಿರುಗಿಸುತ್ತದಂತೆ, ಅದಕ್ಕೇ ಅಷ್ಟು ನುಣುಪಾಗಿ ಹೋಗುತ್ತದಂತೆ. ಅದಕ್ಕೆ ಏನು ಹಾಕುತ್ತಾರೆ ಅಂತ ಅವ್ವ ಕೇಳಿದಳು. ಚಿಮಣಿ ಎಣ್ಣೆ ಅಂದ ಕಾಕಾ. ಓಣಿಯೇ ನಕ್ಕುಬಿಟ್ಟಿತು. ರೇಷನ್ನಿನಲ್ಲಿ ಡಬ್ಬಿ ಹಿಡಿದು ನಿಂತು ತಂದ ಎಣ್ಣೆ, ದೀಪಕ್ಕೆ ಸಾಲದ ಎಣ್ಣೆ, ಅದನ್ನು ಕುಡಿದು ಹಾರುತ್ತದಂತೆ. ಒಳಗೆ ಮಗ್ಗ ನಿಂತಿತು.

“ಗಂಗೂ, ನಿಮ್ಮ ಕಾಕಾಗ ಕೇಳು, ಹಂಗಾದ್ರ ನಮ್ಮ ಸ್ಟೋವು ಯಾಕ ಇನ್ನೂ ಅಡಗೀ ಮನ್ಯಾಗ ಐತಿ?”

ನಾನು ಕೇಳಿದೆ. ಕಾಕಾ, ಅದಕ್ಕೆ ರೆಕ್ಕೆ ಹಚ್ಚಬೇಕಂತ ಹೇಳು ಅಂದ. ನಾನು ಹೇಳಿದೆ. ಒಳಗಿನಿಂದ ಒಂದು ಸದ್ದು ಬಂತು; ಕೆಮ್ಮು ಅಂತ ಅಜ್ಜ ಅದನ್ನು ದಾಟಿಸಿದ, ಆದರೆ ಕೆಮ್ಮು ಅಲ್ಲ. ಆಗಿನಿಂದ ನಾನೊಂದನ್ನು ಗಮನಿಸತೊಡಗಿದೆ. ಕಾಕಾನ ಕಥೆ ರಂಗೇರಿದಾಗಲೆಲ್ಲ ಮಗ್ಗದ ಸದ್ದು ನಿಧಾನವಾಗುತ್ತದೆ. ನಾವು ಸುಮ್ಮನಾದರೆ ಜೋರಾಗುತ್ತದೆ. ಒಂದು ಮಧ್ಯಾಹ್ನ ಕಾಕಾ, ಆ ವಿಮಾನ ಹಾರುತ್ತಿರುವಾಗ ಮುಂದಿನ ಹಲಗೆಯ ಮೇಲೆ ಒಂದು ರೂಪಾಯಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಬೀಳುವುದಿಲ್ಲ, ಅಷ್ಟು ನುಣುಪು ಅಂದ. ಅಷ್ಟೇ ಸಾಕಾಯಿತು. ಓಣಿಯ ಹುಡುಗರೆಲ್ಲ ಒಂದೊಂದು ನಾಣ್ಯ ಹಿಡಿದು ಬೀಸುವ ಕಲ್ಲಿನ ಮೇಲೆ, ಚಕ್ಕಡಿಯ ಮೂಕಿಯ ಮೇಲೆ, ಮಲಗಿದ ಎಮ್ಮೆಯ ಬೆನ್ನಿನ ಮೇಲೆ ನಿಲ್ಲಿಸತೊಡಗಿದರು. ಎಮ್ಮೆ ನಾಣ್ಯವನ್ನೂ ಹುಡುಗನನ್ನೂ ಕೆಡವಿ ಎದ್ದು ಹೋಯಿತು. ನಾನು ನೀರು ಕುಡಿಯಲು ಒಳಗೆ ಹೋದೆ. ಅಜ್ಜ ನನಗೆ ಬೆನ್ನು ಮಾಡಿ ಕೂತಿದ್ದ. ಮಗ್ಗದ ಅಡ್ಡಮರದ ಮೇಲೆ ಒಂದು ನಾಣ್ಯ ನಿಲ್ಲಿಸಿ, ಉಸಿರು ಹಿಡಿದು, ಮೆಲ್ಲಗೆ ಲಾಳಿ ಹಾಯಿಸಿ ನೋಡುತ್ತಿದ್ದ. ಬಿತ್ತು. ಮತ್ತೆ ನಿಲ್ಲಿಸಿದ. ನಾನು ನೀರು ಕುಡಿಯದೆ ಬೆಕ್ಕಿನ ಹೆಜ್ಜೆಯಲ್ಲಿ ಹೊರಗೆ ಬಂದೆ. ಅಜ್ಜ ಕೇಳುತ್ತಿದ್ದಾನೆ, ಒಂದು ಅಕ್ಷರ ಬಿಡದೆ ಎಲ್ಲ ಕೇಳುತ್ತಿದ್ದಾನೆ.

ಕೌದಿ ಬೆಳೆಯಿತು. ನವಿಲು ಬಣ್ಣ ಸುತ್ತಲೂ, ಅವ್ವನ ಕೆಂಪು ಸೀರೆಯ ತುಂಡು ನಡುವಿನ ಹಾದಿಗೆ, ಅಪ್ಪನ ಮುಂಡಾಸಿನದು ಕುರ್ಚಿಗಳಿಗೆ, ನನ್ನ ಹರಿದ ಲಂಗ ಬಾಲಕ್ಕೆ, ಕಾಕಾನ ಅಂಗಿ ಪಂಖಗಳಿಗೆ. ಆಯಿ ಕಣ್ಣಾರೆ ಕಾಣದ ವಿಮಾನವನ್ನು ನೆಲದ ಮೇಲೆ ಹಾಸಿಬಿಟ್ಟಿದ್ದಳು. ಉಳಿದದ್ದು ಕಿಟಕಿಗಳು. ಎರಡು ಕಡೆ ಸಾಲಾಗಿ ಜಾಗ ಬಿಟ್ಟಿದ್ದಳು, ಆದರೆ ಹೊಲಿಯಲಿಲ್ಲ. ಹೊಟ್ಟೆಯೂ ತೆರೆದೇ ಇತ್ತು. ನೆರೆಮನೆಯ ಅಕ್ಕ, ಬಿಳಿ ಬಟ್ಟೆ ಬೇಕಾದರೆ ನಮ್ಮನೆಯಿಂದ ತರುತ್ತೇನೆ ಅಂದಾಗ ಆಯಿ ತಲೆ ಎತ್ತದೆ ಹೇಳಿದಳು:

“ಬಿಳೀದು ಈ ಮನ್ಯಾಗ ಒಬ್ಬರಽ ಉಡ್ತಾರವ್ವಾ. ಅವರು ಕೊಟ್ಟಾಗ ಕಿಡಕಿ ಆಗ್ತಾವು. ಇಲ್ಲಂದ್ರ ಈ ವಿಮಾನ ಕುರುಡಽ ಇರಲಿ.”

ಬಿಳಿ ಉಡುವವನು ಅಜ್ಜ. ಅವನೇ ನೇಯ್ದ, ಅವನೇ ಉಟ್ಟ ಧೋತರ. ಮಗ್ಗ ಅವತ್ತು ಬಹಳ ಜೋರಾಗಿ ಹೊಡೆಯಿತು. ಕಾಕಾನ ರಜೆ ಮುಗಿಯುತ್ತಾ ಬಂದಿತ್ತು. ಅವನು ಹೊರಡುವುದರೊಳಗೆ ಕೌದಿ ಮುಚ್ಚದಿದ್ದರೆ ಇನ್ನು ಮುಚ್ಚುವುದೇ ಇಲ್ಲ ಅಂತ ನನಗೆ ಹೇಗೋ ಗೊತ್ತಾಗಿಬಿಟ್ಟಿತ್ತು. ಮುಂದಿನ ಸಲ ರಜೆ ಸಿಕ್ಕರೂ ಬರುವುದು ಅಷ್ಟರಲ್ಲೇ ಇದೆ ಅಂತ ಕಾಕಾ ಅವ್ವನ ಮುಂದೆ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು. ಯಾರೂ ಹೇಳಿಕಳಿಸದೆ ನಾನೇ ಅಜ್ಜನಿಗೆ ಹೇಳಲೇ ಅಂತ ಮಗ್ಗದ ಹತ್ತಿರ ಹೋಗಿ ಹೋಗಿ ಬಂದೆ. ಆದರೆ ಕೇಳಬಾರದು ಅನ್ನುವುದು ಕಟ್ಟಳೆ. ನಾನು ಹೇಳಿ ಅವನು ಕೊಟ್ಟರೆ ಅದು ಕೈಯಾರೆ ಕೊಟ್ಟದ್ದಾಗುವುದಿಲ್ಲ.

ರೋಹಿಣಿ ಮಳೆ ಬಂತು. ಮಧ್ಯಾಹ್ನ ನೋಡನೋಡುತ್ತ ಕಪ್ಪು ಕಟ್ಟಿ, ಧೂಳೆದ್ದು, ಹೊಲದ ಕಡೆಯಿಂದ ಗಾಳಿ ನುಗ್ಗಿತು. ಆಯಿ, ಅವ್ವ ಮಾಳಿಗೆಯ ಮೇಲೆ ಒಣಹಾಕಿದ ಶ್ಯಾವಿಗೆ ಎತ್ತಲು, ಬೆಳಕಿಂಡಿ ಮುಚ್ಚಲು ಪಡಸಾಲೆಯೊಳಗಿನ ಏಣಿ ಹತ್ತಿದರು. ಅಪ್ಪ, ಕಾಕಾ ಬಣವೆಯ ಕಡೆ ಓಡಿದರು. ಕೌದಿ ಕಟ್ಟೆಯ ಮೇಲೆ ಉಳಿಯಿತು, ಎಲ್ಲರೂ ಅದನ್ನು ಇನ್ನೊಬ್ಬರು ಎತ್ತಿಕೊಂಡರು ಅಂದುಕೊಂಡಿದ್ದರು. ದಪ್ಪ ಹನಿ ಬೀಳತೊಡಗಿದವು. ನಾನು ಬಾಗಿಲಲ್ಲಿ ನಿಂತು ಎತ್ತಲು ಹೋದೆ. ಅದು ನನ್ನ ಕೈಗೆ ಏಳದಷ್ಟು ಭಾರ. ಅಷ್ಟರಲ್ಲಿ ಹಿಂದಿನಿಂದ ಯಾರೋ ನನ್ನನ್ನು ಸರಿಸಿದರು. ಅಜ್ಜ. ಕುಣಿಯಿಂದ ಯಾವಾಗ ಎದ್ದನೋ. ಬಟ್ಟೆ ತೋಯುವುದನ್ನು ನೋಡಿಕೊಂಡು ಕೂಡುವುದು ಅವನಿಂದ ಆಗದ ಕೆಲಸ, ಅದು ಯಾರ ಬಟ್ಟೆಯೇ ಆಗಿರಲಿ. ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಬಾಚಿಕೊಂಡು ಹೊಸ್ತಿಲು ದಾಟಿ ಒಳಗೆ ಬಂದ. ತನ್ನ ಹೊಸ್ತಿಲು, ತಾನೇ ಹಾಕಿದ ನಿಯಮ. ಬಾಗಿಲ ಬೆಳಕಿನಲ್ಲಿ ನಿಂತು ನೀರು ಕೊಡವಿದ. ಆಗ ಅವನ ಹೆಬ್ಬೆರಳು ತೋರುಬೆರಳು ತಾವಾಗಿಯೇ ಒಂದು ಅಂಚನ್ನು ಹಿಡಿದು ತೀಡಿದವು. ಬೆರಳುಗಳು ಅಷ್ಟಕ್ಕೆ ನಿಂತವು. ಇನ್ನೊಮ್ಮೆ ತೀಡಿದ. ಇನ್ನೂ ಹೊಲಿಯದೆ ಜೋತಿದ್ದ ಪರದೆಯ ತುದಿಯನ್ನು ಕಣ್ಣಿನ ಹತ್ತಿರ ಹಿಡಿದ, ಒಂದು ಎಳೆ ಜಗ್ಗಿ ಹುರಿ ಬಿಚ್ಚಿ ನೋಡಿದ, ಅಂಚನ್ನು ಬೆಳಕಿಗೆ ಹಿಡಿದು ಲಾಳಿ ಹೋಗಿ ಹೋಗಿ ತಿರುಗಿ ಬಂದ ಗುರುತನ್ನು ಉಗುರಿನಿಂದ ಎಣಿಸುವವನ ಹಾಗೆ ಸವರಿದ. ಒಂದು ಕಡೆ ಎಳೆ ಬಿಗಿಯಾಗಿತ್ತು, ಒಂದು ಕಡೆ ತುಸು ಸಡಿಲ. ನೇಯುವವರು ದಣಿದಾಗ ಹಾಗೆ ಆಗುತ್ತದೆ. ಗಿರಣಿಗೆ ದಣಿವು ಇಲ್ಲ.

ಕಾಕಾ ತೊಯ್ದು ತೊಪ್ಪೆಯಾಗಿ ಬಾಗಿಲಿಗೆ ಬಂದ. ಅಜ್ಜನ ಕೈಯಲ್ಲಿ ಕೌದಿ ಕಂಡು ಹೊರಗೇ ನಿಂತ, ಬೈಗುಳ ಬರುತ್ತದೆ ಅಂತ. ನಾನು ರೂಢಿಯಂತೆ ಇಬ್ಬರ ನಡುವೆ ಹೋಗಿ ನಿಂತೆ, ಮಾತು ಒಯ್ಯಲು. ಅಜ್ಜ ನನ್ನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

“ಈರಣ್ಣಾ, ಇದನ್ನ ಯಾರು ನೇಯ್ದಾರೋ?”

ಹೆಸರು ಹಿಡಿದು ಕರೆದದ್ದು. ನೆಟ್ಟಗೆ ಮುಖ ನೋಡಿ. ಮಾಳಿಗೆಯ ಏಣಿಯ ಮೇಲೆ ಆಯಿ ಶ್ಯಾವಿಗೆಯ ಮೊರ ಹಿಡಿದು ಅರ್ಧದಲ್ಲೇ ನಿಂತಿದ್ದಳು.

“ಗೊತ್ತಿಲ್ಲಪ್ಪಾ. ಗೋದಾಮಿನ್ಯಾಗಿಂದ ಬರ್ತೈತಿ. ನಾ ಕೇಳೇ ಇಲ್ಲ.”

“ದಿನಾ ಕೈಯಾಗ ಹಿಡದಿ, ಒಗಸಿದಿ, ಹೊಲದಿ. ಕೈಮಗ್ಗದ್ದೋ ಇದು. ನೇಯ್ದಾಂವ ಯಾವಂವ ಅಂತ ಒಮ್ಮೆರೆ ಕೇಳಬಾರದನೋ? ಮಗ್ಗದಾಗ ಹುಟ್ಟಿದಾಂವ ನೀ.”

ಅದು ಬೈಗುಳವೇ. ಆದರೆ ಅಂಥ ಬೈಗುಳಕ್ಕಾಗಿ ಕಾಕಾ ಎಷ್ಟು ವರ್ಷ ಕಾದಿದ್ದನೋ. ಮಳೆ ನೀರೋ ಕಣ್ಣೀರೋ ತಿಳಿಯದ ಮುಖದಲ್ಲಿ ನಗುತ್ತಾ ನಿಂತಿದ್ದ. ಅಜ್ಜ ಕೌದಿಯನ್ನು ಮಗ್ಗದ ಮೇಲೆ ಹಾಸಿದ, ನೇಯ್ದು ಮುಗಿಯದ ಖಾದಿಯ ಮೇಲೆಯೇ. ಆಮೇಲೆ ಗೂಟದ ಮೇಲಿನ ತನ್ನ ಧೋತರ ಇಳಿಸಿ, ನಡುವೆ ಹಿಡಿದು ಚರ್ ಅಂತ ಸೀಳಿ, ಏಣಿಯ ಮೇಲಿದ್ದ ಆಯಿಯ ಕಡೆ ಚಾಚಿದ. ಅವನ ಎರಡು ಧೋತರಗಳಲ್ಲಿ ಅದೇ ಛಲೋದು, ಆಯಿ ಬೇಡ ಬೇಡ ಅನ್ನುವುದರೊಳಗೆ ಹರಿದಾಗಿತ್ತು.

“ಕಿಡಕಿಗೆ ಬಿಳೀದು ಬೇಕಾಗಿತ್ತಲ್ಲಾ. ಗುಂಡಗ ಕತ್ತರಸು, ಹಾಗಲಕಾಯಿ ಬಿಲ್ಲಿ ಹಂಗ.”

ಹಾಗಲಕಾಯಿಯ ಮಾತು ಕಾಕಾ ಹೇಳಿ ಎಷ್ಟು ದಿನವಾಗಿತ್ತೋ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಮರುದಿನ ಆಯಿ ಪಡಸಾಲೆಯ ನಡುವೆ, ಮಗ್ಗದ ಪಕ್ಕದಲ್ಲೇ ಕೂತು ಕಿಟಕಿ ಹೊಲಿದಳು. ಅಜ್ಜ ಲಾಳಿ ನಿಲ್ಲಿಸಿ, ಅದು ಡೊಂಕಾಯಿತು, ಇದು ಸಣ್ಣದಾಯಿತು ಅಂತ ತಕರಾರು ತೆಗೆದ, ನೇರವಾಗಿ ಕಾಕಾನನ್ನೇ ಕೇಳಿ ಕೇಳಿ. ಅವ್ವ ಹೋಳಿಗೆ ಮಾಡಿದಳು. ಮೊದಲ ಚೂರು ಕೌದಿಯ ಹೊಟ್ಟೆಗೆ. ನನ್ನ ತಂತಿ ಆಫೀಸು ಮುಚ್ಚಿತು, ನಾನು ಎರಡು ಹೋಳಿಗೆ ಹೆಚ್ಚು ತಿಂದೆ. ಕಾಕಾ ಹೊರಡುವಾಗ ಅಜ್ಜ ಬಸ್ಸಿನವರೆಗೆ ಹೋದ, ಹೋಗುತ್ತಾ ಒಂದೇ ಮಾತು, ಯಾರು ನೇಯ್ದಾರಂತ ತಿಳಕೊಂಡು ಬಾ.

ಕಾಕಾ ಕೇಳಿದ. ಗೋದಾಮಿನವರಿಗೆ ಗೊತ್ತಿರಲಿಲ್ಲ, ಅವರಿಗೆ ತಂದುಕೊಟ್ಟವರಿಗೆ ಗೊತ್ತಿರಲಿಲ್ಲ. ಪ್ರತಿ ರಜೆಯಲ್ಲೂ ಅವನು ಹೊಸ್ತಿಲು ತುಳಿಯುವ ಮೊದಲೇ ಅಜ್ಜ, ಸಿಕ್ಕಿತೇನೋ ಅನ್ನುತ್ತಿದ್ದ. ಇಲ್ಲಪ್ಪಾ ಅನ್ನುತ್ತಿದ್ದ ಕಾಕಾ. ಇಬ್ಬರೂ ಆ ಕೌದಿಯ ಮೇಲೆ ಕೂತು ಚಹ ಕುಡಿಯುತ್ತಿದ್ದರು. ಸಿಗಲೇ ಇಲ್ಲ. ಅಜ್ಜ ಹೋದ, ಆಯಿ ಹೋದಳು. ಆ ವಿಮಾನಗಳೂ ಹಾರುವುದನ್ನು ಬಿಟ್ಟವು, ಕಾಕಾನೂ ಹೋದ. ಕೌದಿ ನನ್ನ ಜೊತೆ ಗಂಡನ ಮನೆಗೆ ಬಂತು, ನನ್ನ ಬಾಣಂತನ, ಮಗಳ ಬಾಣಂತನ ನೋಡಿತು. ಜ್ವರ ಬಂದ ಮಕ್ಕಳಿಗೆಲ್ಲ ಅದನ್ನೇ ಹೊದಿಸಿ, ಎಲ್ಲಿ ಕೂಡುತ್ತೀ, ಯಾವ ಕಿಟಕಿ ಬೇಕು ಅಂತ ಕೇಳಿದ್ದೇನೆ. ಹೊಸ ಸೀರೆ ತೆಗೆಯಲು ಅಂಗಡಿಗೆ ಹೋದರೆ ನಾನೂ ಅಂಚು ತೀಡಿ, ಯಾರು ನೇಯ್ದಾರ ಅಂತ ಕೇಳುತ್ತೇನೆ. ಅಂಗಡಿಯವರು ಮುಖ ಮುಖ ನೋಡುತ್ತಾರೆ. ನೋಡಲಿ.

ಸ್ಫೂರ್ತಿ ಒಂದು ದಿನ ಬಿಸಿಲಿಗೆ ಹಾಕಿದ ಕೌದಿಯನ್ನು ಫೋನಿನಲ್ಲಿ ಹಿಡಿದು, ನಾನು ಹೇಳಿದ್ದನ್ನೂ ಸೇರಿಸಿ ಎಲ್ಲರಿಗೂ ಕಾಣುವಂತೆ ಹಾಕಿದಳು. ಅದನ್ನು ಯಾರೋ ಕಂಡರು. ದೂರದ ಊರಲ್ಲಿ ಒಂದು ದೊಡ್ಡ ಛಾವಣಿಯ ಕೆಳಗೆ, ಹಾಳಾಗುತ್ತಿದ್ದ ಅಂಥದ್ದೇ ಒಂದು ನಾಲ್ಕು ಪಂಖದ ವಿಮಾನವನ್ನು ತೊಳೆದು, ತೇಪೆ ಹಾಕಿ, ಮೊದಲಿನಂತೆ ನಿಲ್ಲಿಸಲು ಹೊರಟ ಹುಡುಗ ಹುಡುಗಿಯರು ಅವರು. ಕುರ್ಚಿ ಸಿಕ್ಕಿವೆ, ಪರದೆ ಒಂದೂ ಉಳಿದಿಲ್ಲ, ಹಳೆಯ ಚಿತ್ರಗಳೆಲ್ಲ ಕಪ್ಪು ಬಿಳುಪು. ಅವರಲ್ಲಿ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಳು. ಕೌದಿಯ ಮುಂದೆ ಮೊಣಕಾಲೂರಿ ಕೂತಳು, ಮುಟ್ಟಲೇ ಅಂತ ಕೇಳಿ ಮುಟ್ಟಿದಳು. ಮೇಲಿನ ಬಣ್ಣ ಒಗೆದು ಒಗೆದು ಬೂದಿಯಾಗಿತ್ತು. ನಿಜವಾದ ಬಣ್ಣ ಇರುವುದಾದರೆ ಒಳಗೆ ಮಡಿಚಿದ ಕಡೆ ಇರಬೇಕು. ಅದಕ್ಕೆ ಆಯಿಯ ಹೊಲಿಗೆ ಬಿಚ್ಚಬೇಕು. ಬಿಚ್ಚಿರಿ ಅನ್ನಲು ಆ ಹುಡುಗಿಗೆ ಬಾಯಿ ಬರಲಿಲ್ಲ. ಕೇಳಬಾರದು ಅನ್ನುವ ಕಟ್ಟಳೆ ಅವಳಿಗೆ ಯಾರು ಹೇಳಿದ್ದರೋ. ನಾನೇ ಕತ್ತರಿ ತಂದೆ. ಹೊಟ್ಟೆಯ ಹತ್ತಿರದ ಒಂದು ಸುತ್ತು ಬಿಚ್ಚಿದೆ. ಟೊಳ್ಳಾದ ನಾಲ್ಕಾರು ಜೋಳದ ಕಾಳು ನನ್ನ ಅಂಗೈಗೆ ಬಿದ್ದವು, ಅವುಗಳ ಹಿಂದೆಯೇ ಕಂಡಿತು: ನವಿಲಿನ ಕೊರಳು, ಅರಿಷಿಣದ ಎಳೆ, ಕಾಕಾ ಕಟ್ಟೆಯ ಮೇಲೆ ಗಂಟು ಬಿಚ್ಚಿದ ದಿನದ ಹಾಗೆಯೇ. ಸ್ಫೂರ್ತಿ ಕೂಗಿದಳು, ಆ ಹುಡುಗಿ ಅತ್ತಳು, ನಾನು ಇಬ್ಬರಿಗೂ ಚಹ ಇಟ್ಟೆ. ನಾಲ್ಕು ಬೆರಳಗಲ ಕತ್ತರಿಸಿ ಕೈಯಾರೆ ಕೊಟ್ಟೆ. ಆ ಜಾಗಕ್ಕೆ ನನ್ನ ಸೀರೆಯ ತುಂಡಿಟ್ಟು, ಹೊಸ ಜೋಳ ಹಾಕಿ ಮುಚ್ಚಿದೆ.

ಇದನ್ನು ಎಲ್ಲಿ ನೇಯಿಸಬೇಕು ಅಂತ ಅವರು ಕೇಳಿದಾಗ ನಾನು ಹೇಳಲು ಒಂದು ಉಸಿರೂ ತಗೊಳ್ಳಲಿಲ್ಲ. ಗರಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮಗ್ಗ ನೇಯುವ ಒಬ್ಬ ಹೆಣ್ಣುಮಗಳು ತುಂಡನ್ನು ಕೈಯಲ್ಲಿ ಹಿಡಿದು, ಅಂಚು ತೀಡಿ, ಆಗುತ್ತದೆ ಅಂದಳು. ನಾನು ಒಂದೇ ಮಾತು ಕೇಳಿದೆ, ನಿನ್ನ ಹೆಸರೇನವ್ವಾ. ಆ ಹೆಸರನ್ನು ಹುಡುಗಿಗೆ ಹೇಳಿದೆ, ಮತ್ತೆ ಹೇಳಿದೆ, ಫೋನಿನಲ್ಲೂ ಹೇಳಿದೆ. ಇನ್ನು ಮರೆಯುವುದಿಲ್ಲ ಅಜ್ಜಿ ಅಂದಳು.

ಮೊನ್ನೆ ಹೋಗಿ ನೋಡಿದೆ. ಏಣಿ ಹತ್ತಿ ಒಳಗೆ ಕಾಲಿಟ್ಟರೆ ಆಯಿಯ ಕೌದಿಯೊಳಗೆ ನಡೆದ ಹಾಗೆ: ನಡುವೆ ಹಾದಿ, ಈ ಕಡೆ ಎರಡು, ಆ ಕಡೆ ಎರಡು, ಹಾಗಲಕಾಯಿ ಬಿಲ್ಲೆಯ ಕಿಟಕಿಗಳು, ಅವುಗಳಲ್ಲಿ ಅಜ್ಜನ ಧೋತರದಂಥ ಬೆಳಕು. ಕಿಟಕಿಯ ಪಕ್ಕ ಕೂತು ಮುಂದಿನ ಹಲಗೆಯ ಮೇಲೆ ಒಂದು ರೂಪಾಯಿ ನಿಲ್ಲಿಸಿದೆ. ನಿಂತಿತು. ನಿಂತ ವಿಮಾನದಲ್ಲಿ ನಿಲ್ಲದೆ ಏನು ಮಾಡುತ್ತದೆ ಅಂತ ಸ್ಫೂರ್ತಿ ನಕ್ಕಳು. ನಗಲಿ, ಮಗ್ಗದ ಮೇಲೆ ನಿಲ್ಲಿಸಲು ಹೆಣಗಿದವನನ್ನು ಅವಳು ನೋಡಿಲ್ಲ. ಪರದೆಯ ಅಂಚು ಹಿಡಿದು ತೀಡಿದೆ. ಒಂದು ಕಡೆ ಬಿಗಿ, ಒಂದು ಕಡೆ ತುಸು ಸಡಿಲ. ಅದರ ಕೆಳಗೆ ಒಂದು ಸಣ್ಣ ಹಿತ್ತಾಳೆಯ ಫಲಕ. ಓದಿ ಹೇಳಲೇ ಅಂದಳು ಮೊಮ್ಮಗಳು. ಬೇಡ ಅಂದೆ. ಚಸ್ಮಾ ಹಾಕಿಕೊಂಡು, ನಾಲ್ಕನೆಯ ಇಯತ್ತೆಯ ನನ್ನ ಓದಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ, ಅಜ್ಜನಿಗೆ ಮುಟ್ಟಬೇಕಾದ ಮಾತು, ಮುಟ್ಟಿಸುವವಳು ನಾನೇ ತಾನೆ:

“ಈ ಪರದೆ ನೇಯ್ದವರು, ಗರಗದ ಫಕೀರವ್ವ.”